ಮತಗಟ್ಟೆಯಲ್ಲಿ ಕೇಳುವ ಚೀಟಿ: ಅಮೆರಿಕದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಪೌರತ್ವ ಪಡೆದು ಅಲ್ಲಿನ ಚುನಾವಣೆಗಳಲ್ಲಿ ಮತ ಹಾಕುತ್ತಿರುವ ಕನ್ನಡ ಬಾಂಧವರಿಗೆ,

ಅಮೆರಿಕದ ಐವತ್ತು ರಾಜ್ಯಗಳ ಪೈಕಿ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಮತಗಟ್ಟೆಗೆ ಬಂದವರಿಂದ ಗುರುತಿನ ದಾಖಲೆ ಕೇಳುತ್ತವೆ. ಆದರೆ ಕಾನೂನು ಎಲ್ಲ ಕಡೆ ಒಂದೇ ತೆರನಾಗಿಲ್ಲ. ಕೆಲವು ರಾಜ್ಯಗಳಲ್ಲಿ ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದರೂ ಸಾಕು. ಕೆಲವೆಡೆ ಏನೂ ಇಲ್ಲದವರು ತಾವು ಇಂಥವರೆಂದು ಪ್ರಮಾಣ ಮಾಡಿ ಸಹಿ ಹಾಕಿದರೆ ಮತ ಹಾಕಬಹುದು. ಕಟ್ಟುನಿಟ್ಟಿನ ರಾಜ್ಯಗಳಲ್ಲಿ ಮಾತ್ರ ಸರ್ಕಾರ ಪಟ್ಟಿ ಮಾಡಿದ ಫೋಟೊ ಚೀಟಿಗಳಲ್ಲೊಂದು ಕೈಯಲ್ಲಿರಲೇಬೇಕು. ಇಲ್ಲದಿದ್ದರೆ ತಾತ್ಕಾಲಿಕ ಮತಪತ್ರ ಕೊಟ್ಟು ಕಳಿಸುತ್ತಾರೆ. ಕೆಲವೇ ದಿನಗಳೊಳಗೆ ಚುನಾವಣಾ ಕಚೇರಿಗೆ ಹೋಗಿ ಚೀಟಿ ತೋರಿಸದಿದ್ದರೆ ಆ ಮತ ಎಣಿಕೆಗೆ ಬರುವುದಿಲ್ಲ. ಇವು ವರ್ಣಭೇದದ ಕಾನೂನುಗಳೇ ಎಂಬ ವಾದ ಎರಡು ದಶಕಗಳಿಂದ ನಡೆದಿರುವುದು ಮುಖ್ಯವಾಗಿ ಈ ಕೊನೆಯ ಬಗೆಯ ಸುತ್ತ.

ಕರ್ನಾಟಕದಿಂದ ಹೋದವರಿಗೆ ಈ ವಾದವೇ ವಿಚಿತ್ರವೆನಿಸುವುದು ಸಹಜ. ಭಾರತದಲ್ಲಿ ಕೂಲಿಯವರಿಂದ ಹಿಡಿದು ಕುಲಪತಿಗಳವರೆಗೆ ಎಲ್ಲರೂ ಎಪಿಕ್ ಎಂಬ ಮತದಾರರ ಗುರುತಿನ ಚೀಟಿ ತೋರಿಸಿಯೇ ಮತ ಹಾಕುತ್ತಾರೆ, ಶ್ರೀಮಂತ ಅಮೆರಿಕಕ್ಕೆ ಅದೇಕೆ ಕಷ್ಟವಾಗಬೇಕು ಎಂಬ ಪ್ರಶ್ನೆ ಏಳುತ್ತದೆ. ಎರಡು ದೇಶಗಳ ವ್ಯವಸ್ಥೆ ನೋಡಿದರೆ ಉತ್ತರ ಸಿಗುತ್ತದೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವಿರುವ ಗುರುತಿನ ಚೀಟಿಯ ಯೋಜನೆ ಆರಂಭವಾಯಿತು. ಪಟ್ಟಿಗೆ ಹೆಸರು ಸೇರಿಸುವ ಹೊಣೆ, ಚೀಟಿ ಮಾಡಿಕೊಡುವ ಹೊಣೆ ಎರಡೂ ಚುನಾವಣಾ ಆಯೋಗದ್ದೇ. ಬೂತ್ ಮಟ್ಟದ ಅಧಿಕಾರಿ ಮನೆ ಬಾಗಿಲಿಗೆ ಬರುತ್ತಾರೆ, ಮೊದಲ ಚೀಟಿಗೆ ದುಡ್ಡಿಲ್ಲ. ಆ ಚೀಟಿ ಕಳೆದುಹೋಗಿದ್ದರೂ ಪಟ್ಟಿಯಲ್ಲಿ ಹೆಸರಿದ್ದವರು ಉದ್ಯೋಗ ಖಾತರಿಯ ಜಾಬ್ ಕಾರ್ಡು, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕು, ಪಿಂಚಣಿ ಪುಸ್ತಕ, ಆಧಾರ್ ಹೀಗೆ ಹತ್ತಕ್ಕೂ ಹೆಚ್ಚು ದಾಖಲೆಗಳಲ್ಲಿ ಯಾವುದನ್ನು ತೋರಿಸಿದರೂ ನಡೆಯುತ್ತದೆ. ಒಬ್ಬರೇ ಎರಡು ಸಲ ಮತ ಹಾಕದಂತೆ ತಡೆಯುವ ಕೆಲಸವನ್ನು 1962ರಿಂದಲೂ ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಮಾಡುತ್ತ ಬಂದಿದೆ. ಅಂದರೆ ಬಡವರ ಕೈಯಲ್ಲಿ ಯಾವ ಕಾಗದ ಇರುತ್ತದೋ ಅದನ್ನೇ ಒಪ್ಪಿಕೊಳ್ಳುವ ಪದ್ಧತಿ ಅದು.

ಅಮೆರಿಕದಲ್ಲಿ ರಾಷ್ಟ್ರೀಯ ಗುರುತಿನ ಚೀಟಿ ಎಂಬುದೇ ಇಲ್ಲ. ಚುನಾವಣಾ ಇಲಾಖೆ ಮನೆಗೆ ಚೀಟಿ ತಂದುಕೊಡುವುದಿಲ್ಲ. ಕಾರು ಓಡಿಸುವವರ ಬಳಿ ಡ್ರೈವಿಂಗ್ ಲೈಸೆನ್ಸ್ ಇರುತ್ತದೆ, ವಿದೇಶಕ್ಕೆ ಹೋಗುವವರ ಬಳಿ ಪಾಸ್‌ಪೋರ್ಟ್ ಇರುತ್ತದೆ. ಕಾರೂ ಇಲ್ಲದ, ವಿದೇಶಕ್ಕೂ ಹೋಗದ ಬಡವರ ಬಳಿ ಎರಡೂ ಇರುವುದಿಲ್ಲ. ಆ ಬಡತನ ಎಲ್ಲ ಬಣ್ಣದವರಲ್ಲಿ ಸಮನಾಗಿ ಹಂಚಿಹೋಗಿಲ್ಲ. ಹಂಚಿಕೆ ಹಾಗಾಗಲು ಇತಿಹಾಸವೇ ಕಾರಣ.

ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತ ಕಿತ್ತುಕೊಂಡದ್ದು ಬಣ್ಣದ ಹೆಸರೆತ್ತದ ಕಾನೂನುಗಳಿಂದ. ಅಂತರ್ಯುದ್ಧದ ನಂತರ ಸಂವಿಧಾನಕ್ಕೆ ಬಂದ 15ನೇ ತಿದ್ದುಪಡಿ ವರ್ಣದ ಆಧಾರದಲ್ಲಿ ಮತ ನಿರಾಕರಿಸುವುದನ್ನು ನಿಷೇಧಿಸಿತ್ತು. ಹಾಗಾಗಿ ಮಿಸಿಸಿಪ್ಪಿ 1890ರ ತನ್ನ ಸಂವಿಧಾನದಲ್ಲಿ ಮತ ಹಾಕಲು ತೆರಿಗೆ ಕಟ್ಟಬೇಕು, ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು ಅಥವಾ ಓದಿಸಿ ಕೇಳಿ ಅರ್ಥ ಹೇಳಬೇಕು ಎಂಬ ಷರತ್ತುಗಳನ್ನಿಟ್ಟಿತು. ಕಾಗದದ ಮೇಲೆ ಎಲ್ಲರಿಗೂ ಒಂದೇ ನಿಯಮ. ಯಾರ ಉತ್ತರ ಸರಿ, ಯಾರದು ತಪ್ಪು ಎಂದು ತೀರ್ಮಾನಿಸುವವರು ಮಾತ್ರ ಬಿಳಿಯ ಗುಮಾಸ್ತರು. ಮುಕ್ಕಾಲು ಶತಮಾನದ ಬಳಿಕವೂ ಆ ರಾಜ್ಯದಲ್ಲಿ ಮತ ಹಾಕುವ ವಯಸ್ಸಿನ ಕಪ್ಪು ಜನರ ಪೈಕಿ ಪಟ್ಟಿಯಲ್ಲಿದ್ದವರು ಶೇ 7ಕ್ಕೂ ಕಡಿಮೆ. 1965ರ ಮತದಾನ ಹಕ್ಕು ಕಾಯ್ದೆ ಬಂದ ಎರಡೇ ವರ್ಷಗಳಲ್ಲಿ ಅದು ಶೇ 60ರ ಹತ್ತಿರ ಹೋಯಿತು.

ಆ ಕಾಯ್ದೆಯ ಎರಡು ಕಲಂಗಳು ಇಂದಿನ ವಾದಕ್ಕೆ ಮುಖ್ಯ. ಭೇದಭಾವದ ಚರಿತ್ರೆಯುಳ್ಳ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕು ಎಂದು 5ನೇ ಕಲಂ ಹೇಳಿತು. 2ನೇ ಕಲಂ ದೇಶಕ್ಕೆಲ್ಲ ಅನ್ವಯ. 1982ರ ತಿದ್ದುಪಡಿಯ ನಂತರ, ಶಾಸಕರ ಮನಸ್ಸಿನಲ್ಲಿ ದ್ವೇಷವಿತ್ತೆಂದು ಸಾಬೀತುಪಡಿಸದಿದ್ದರೂ, ನಿಯಮದ ಫಲವಾಗಿ ಒಂದು ವರ್ಣದವರಿಗೆ ಮತದಾನದ ಅವಕಾಶ ಕಡಿಮೆಯಾದರೆ ಅದನ್ನು ಪ್ರಶ್ನಿಸಬಹುದು.

ಕನ್ನಡಿಗರು ಈ ಚರಿತ್ರೆಗೆ ಹೊರಗಿನವರಲ್ಲ. ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಪೌರತ್ವ ಪಡೆದಿದ್ದ ಹಲವರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರ ವಲಸೆ ಮಿತಿಯೊಂದಿಗೆ. ಇಂದು ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ಕನ್ನಡ ಕೂಟಗಳು ತುಂಬಿ ತುಳುಕುತ್ತಿರುವುದು 1965ರ ಅಕ್ಟೋಬರಿನಲ್ಲಿ ಬಂದ ವಲಸೆ ಕಾಯ್ದೆಯಿಂದ. ಅದೇ ವರ್ಷದ ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆಗೆ ಸಹಿ ಬಿದ್ದಿತ್ತು. ಕಪ್ಪು ಜನರು ಲಾಠಿ ಏಟು ತಿಂದು, ಜೈಲಿಗೆ ಹೋಗಿ ಕಟ್ಟಿದ ಚಳವಳಿಯ ಒತ್ತಡದಲ್ಲೇ ವರ್ಣದ ಲೆಕ್ಕಾಚಾರದ ಹಳೆಯ ವಲಸೆ ನೀತಿಯೂ ಬಿದ್ದುಹೋಯಿತು. ಈ ಋಣವನ್ನು ನೆನಪಿಟ್ಟೇ ಮುಂದಿನದನ್ನು ಓದಬೇಕು.

ಕಟ್ಟುನಿಟ್ಟಿನ ಫೋಟೊ ಚೀಟಿ ಕಾನೂನಿನ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಇಂಡಿಯಾನಾದ 2005ರ ಕಾಯ್ದೆಯ ಮೇಲೆ. 2008ರಲ್ಲಿ ಸುಪ್ರೀಂ ಕೋರ್ಟ್ ಆರು–ಮೂರು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಇಂಡಿಯಾನಾದಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮತಗಟ್ಟೆಗೆ ಬಂದು ಕಳ್ಳವೋಟು ಹಾಕಿದ ಒಂದು ಉದಾಹರಣೆಯೂ ದಾಖಲೆಯಲ್ಲಿಲ್ಲ ಎಂದು ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರೇ ಒಪ್ಪಿಕೊಂಡರು. ಆದರೂ ವಂಚನೆ ತಡೆಯುವ, ಜನರ ವಿಶ್ವಾಸ ಕಾಯುವ ಉದ್ದೇಶ ಸಕ್ರಮವಾದದ್ದು, ಹೊರೆ ಎಷ್ಟೆಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದರು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಅದೇ ರಾಜ್ಯದ ಸೌತ್ ಬೆಂಡ್ ಬಳಿಯ ಕಾನ್ವೆಂಟಿನಲ್ಲಿ ಸುಮಾರು ಹನ್ನೆರಡು ಮಂದಿ ವೃದ್ಧ ಸನ್ಯಾಸಿನಿಯರು ಮತ ಹಾಕದೆ ಹಿಂದಿರುಗಬೇಕಾಯಿತು. ಅವರನ್ನು ಕಳಿಸಬೇಕಾಗಿ ಬಂದವರೂ ಅದೇ ಕಾನ್ವೆಂಟಿನ ಇನ್ನೊಬ್ಬ ಸನ್ಯಾಸಿನಿ. ಮುಖ ಗೊತ್ತು, ಹೆಸರು ಗೊತ್ತು, ಚೀಟಿ ಇಲ್ಲ. ಈ ಕಾನೂನುಗಳ ಪೆಟ್ಟು ಕಪ್ಪು ಜನರಿಗಷ್ಟೇ ಬೀಳುವುದಿಲ್ಲ ಎಂಬುದನ್ನೂ ಈ ಘಟನೆ ತೋರಿಸುತ್ತದೆ. ಇಂಡಿಯಾನಾ ಪ್ರಕರಣದಲ್ಲಿ ತೀರ್ಮಾನವಾದದ್ದು ಹೊರೆಯ ಪ್ರಶ್ನೆ, ವರ್ಣದ ಪ್ರಶ್ನೆಯಲ್ಲ. ಅದನ್ನು ಎಲ್ಲ ಕಾಲಕ್ಕೂ ಎಲ್ಲ ರಾಜ್ಯಕ್ಕೂ ಸಿಕ್ಕ ಸಮ್ಮತಿಯೆಂದು ಓದುವುದು ತಪ್ಪು.

ವರ್ಣದ ಪ್ರಶ್ನೆ ನೇರವಾಗಿ ಎದ್ದದ್ದು ಟೆಕ್ಸಸ್‌ನಲ್ಲಿ. 2011ರಲ್ಲಿ ಅಲ್ಲಿನ ಶಾಸನಸಭೆ ಒಪ್ಪಿದ ಎಸ್‌ಬಿ 14 ಎಂಬ ಕಾಯ್ದೆಯ ಪಟ್ಟಿ ನೋಡಿದರೆ ಸಾಕು: ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಸೇನೆಯ ಚೀಟಿ, ಮರೆಯಲ್ಲಿ ಬಂದೂಕು ಒಯ್ಯುವ ಪರವಾನಗಿ ಇವೆಲ್ಲ ನಡೆಯುತ್ತವೆ. ರಾಜ್ಯದ್ದೇ ವಿಶ್ವವಿದ್ಯಾಲಯಗಳು ಕೊಟ್ಟ ವಿದ್ಯಾರ್ಥಿ ಚೀಟಿ ನಡೆಯುವುದಿಲ್ಲ, ಸರ್ಕಾರಿ ನೌಕರರ ಚೀಟಿಯೂ ನಡೆಯುವುದಿಲ್ಲ. 2012ರಲ್ಲಿ ವಾಷಿಂಗ್ಟನ್‌ನ ಮೂವರು ನ್ಯಾಯಾಧೀಶರ ಪೀಠ ಇದಕ್ಕೆ 5ನೇ ಕಲಮಿನಡಿ ಒಪ್ಪಿಗೆ ನಿರಾಕರಿಸಿತು. ಮರುವರ್ಷ, 2013ರ ಜೂನ್ 25ರಂದು, ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ 5ನೇ ಕಲಮಿನ ಜೀವ ತೆಗೆಯಿತು. ಕಾಯ್ದೆ ಇನ್ನು ಜಾರಿಯಲ್ಲಿದೆ ಎಂದು ಟೆಕ್ಸಸ್ ಅದೇ ದಿನ ಪ್ರಕಟಿಸಿತು.

2014ರಲ್ಲಿ ನ್ಯಾಯಾಧೀಶೆ ನೆಲ್ವಾ ಗೊನ್ಸಾಲೆಸ್ ರಾಮೋಸ್ ಅವರ ಮುಂದೆ ಈ ಕಾಯ್ದೆಯ ವಿರುದ್ಧದ ಮೊಕದ್ದಮೆಯ ವಿಚಾರಣೆ ನಡೆಯಿತು. ಹೆಸರು ನೋಂದಾಯಿಸಿದ ಮತದಾರರಲ್ಲೇ ಸುಮಾರು 6 ಲಕ್ಷ ಜನರ ಬಳಿ ಪಟ್ಟಿಯಲ್ಲಿದ್ದ ಯಾವ ಚೀಟಿಯೂ ಇರಲಿಲ್ಲ. ಹಾಗೆ ಇಲ್ಲದವರ ಪ್ರಮಾಣ ಬಿಳಿಯರಿಗಿಂತ ಕಪ್ಪು ಮತ್ತು ಲ್ಯಾಟಿನೊ ಮತದಾರರಲ್ಲಿ ಎದ್ದುಕಾಣುವಷ್ಟು ಹೆಚ್ಚಾಗಿತ್ತು. ರಾಜ್ಯ ಉಚಿತ ಚೀಟಿ ಕೊಡುತ್ತೇವೆ ಎಂದಿತ್ತು. ವಿಚಾರಣೆಯ ಹೊತ್ತಿಗೆ ಕೊಟ್ಟದ್ದು 300ಕ್ಕೂ ಕಡಿಮೆ. ಏಕೆಂದರೆ ಉಚಿತ ಚೀಟಿಗೆ ಜನನ ಪ್ರಮಾಣಪತ್ರ ಬೇಕಿತ್ತು, ಅದು ಆಗ ಉಚಿತವಾಗಿರಲಿಲ್ಲ. ಟೆಕ್ಸಸ್‌ನ 254 ಕೌಂಟಿಗಳಲ್ಲಿ ಸುಮಾರು ಮೂರರಲ್ಲೊಂದು ಕೌಂಟಿಯಲ್ಲಿ ಚೀಟಿ ಕೊಡುವ ಕಚೇರಿಯೇ ಇರಲಿಲ್ಲ. ಕೆಲವರು ಹೋಗಿ ಬರಲು 200 ಮೈಲಿ ಪ್ರಯಾಣ ಮಾಡಬೇಕಿತ್ತು, ಅದೂ ಡ್ರೈವಿಂಗ್ ಲೈಸೆನ್ಸ್ ಇಲ್ಲದವರು.

ಸಾಕ್ಷಿಗಳಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಒಬ್ಬ ವಯಸ್ಸಾದ ಕಪ್ಪು ಮಹಿಳೆ ಇದ್ದರು. ಜನನ ಪ್ರಮಾಣಪತ್ರ ತರಿಸಲು ಆಕೆಗೆ 42 ಡಾಲರ್ ಬೇಕಿತ್ತು, ತಿಂಗಳ ಆದಾಯ 300 ಡಾಲರ್ ಆಸುಪಾಸು. ಇದ್ದ ದುಡ್ಡನ್ನು ಊಟಕ್ಕೆ ಬಳಸದೆ ಕಾಗದಕ್ಕೆ ಹೇಗೆ ಕೊಡಲಿ ಎಂಬುದು ಆಕೆಯ ಸಾಕ್ಷ್ಯದ ತಾತ್ಪರ್ಯ. ಆಕೆಯ ತಲೆಮಾರಿನ ದಕ್ಷಿಣದ ಕಪ್ಪು ಜನರಲ್ಲಿ ಎಷ್ಟೋ ಮಂದಿಗೆ ಜನನ ಪ್ರಮಾಣಪತ್ರವೇ ಇಲ್ಲ. ಆಗ ಬಿಳಿಯರ ಆಸ್ಪತ್ರೆಗಳು ಅವರ ತಾಯಂದಿರನ್ನು ಒಳಗೆ ಬಿಡುತ್ತಿರಲಿಲ್ಲ, ಹೆರಿಗೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿತ್ತು, ನೋಂದಣಿ ಆಗುತ್ತಲೇ ಇರಲಿಲ್ಲ. ಅಂದು ಬಾಗಿಲು ಮುಚ್ಚಿದ ಸರ್ಕಾರವೇ ಇಂದು ಆ ಕಾಗದ ಎಲ್ಲಿ ಎಂದು ಕೇಳುತ್ತಿದೆ. ಬಣ್ಣದ ಮಾತಿಲ್ಲದ ನಿಯಮ ಬಣ್ಣ ಹಿಡಿದು ಹೊಡೆಯುವುದು ಹೀಗೆ.

ಇಷ್ಟಾಗಿ ತಡೆಯಬೇಕಿದ್ದ ಅಪರಾಧ ಎಷ್ಟು? ಕಾಯ್ದೆಗೆ ಮೊದಲಿನ ಹತ್ತು ವರ್ಷಗಳಲ್ಲಿ ಟೆಕ್ಸಸ್‌ನಲ್ಲಿ ಚಲಾವಣೆಯಾದ ಸುಮಾರು 2 ಕೋಟಿ ಮತಗಳಲ್ಲಿ, ಮತಗಟ್ಟೆಗೇ ಬಂದು ಬೇರೆಯವರ ಹೆಸರಿನಲ್ಲಿ ಮತ ಹಾಕಿ ಶಿಕ್ಷೆಯಾದ ಪ್ರಕರಣ ಎರಡು. 2016ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ, ದೇಶದ ಅತ್ಯಂತ ಸಂಪ್ರದಾಯವಾದಿ ಪೀಠಗಳಲ್ಲೊಂದು, ಈ ಕಾಯ್ದೆಯ ಪರಿಣಾಮ ತಾರತಮ್ಯದ್ದೆಂದು ಒಂಬತ್ತು–ಆರರ ಬಹುಮತದಿಂದ ಹೇಳಿತು. 2017ರಲ್ಲಿ ಟೆಕ್ಸಸ್ ಕಾಯ್ದೆಯನ್ನು ತಿದ್ದಿ, ಚೀಟಿ ಪಡೆಯಲು ನ್ಯಾಯವಾದ ಅಡ್ಡಿ ಇದ್ದವರು ಅದನ್ನು ಬರೆದು ಸಹಿ ಹಾಕಿ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು ಎಂದು ಸೇರಿಸಿತು. ತಿದ್ದಿದ ಕಾಯ್ದೆಯನ್ನು ಅದೇ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಉಳಿಸಿತು.

ನಾರ್ತ್ ಕೆರೊಲಿನಾದ ಕಥೆ ಇನ್ನೂ ಕಹಿ. ಶೆಲ್ಬಿ ತೀರ್ಪಿಗೆ ಮೊದಲು ಅಲ್ಲಿ ಚರ್ಚೆಯಲ್ಲಿದ್ದ ಮಸೂದೆ ಹದಿನಾರು ಪುಟದ್ದು, ಹಲವು ಬಗೆಯ ಚೀಟಿಗಳನ್ನು ಒಪ್ಪುತ್ತಿತ್ತು. ತೀರ್ಪು ಬಂದ ಮರುದಿನವೇ ಹಿಗ್ಗಿಸಿದ ಮಸೂದೆ ತರುವ ಮಾತು ಬಂತು. ಬಂದದ್ದು ಐವತ್ತೇಳು ಪುಟದ್ದು. ನಡುವೆ ಶಾಸನಸಭೆ, ಯಾವ ವರ್ಣದವರು ಯಾವ ರೀತಿ ಮತ ಹಾಕುತ್ತಾರೆ ಎಂಬ ಅಂಕಿಅಂಶ ತರಿಸಿಕೊಂಡಿತ್ತು. 2012ರಲ್ಲಿ ಕಪ್ಪು ಮತದಾರರ ಶೇ 64ರಷ್ಟು ಮಂದಿ ಚುನಾವಣೆಯ ದಿನಕ್ಕೆ ಮೊದಲೇ ಮತ ಹಾಕಿದ್ದರು, ಬಿಳಿಯರಲ್ಲಿ ಅದು ಶೇ 49. ಹೊಸ ಕಾನೂನು ಮುಂಗಡ ಮತದಾನದ ಮೊದಲ ವಾರವನ್ನೇ ಕತ್ತರಿಸಿತು. ಚರ್ಚಿನಿಂದ ನೇರ ಮತಗಟ್ಟೆಗೆ ಹೋಗುವ ಭಾನುವಾರಗಳಲ್ಲಿ ಒಂದು ಹೋಯಿತು. ಸ್ಥಳದಲ್ಲೇ ನೋಂದಣಿ ಹೋಯಿತು. ಕಪ್ಪು ಜನರ ಬಳಿ ಹೆಚ್ಚಾಗಿದ್ದ ಚೀಟಿಗಳು ಪಟ್ಟಿಯಿಂದ ಹೋದವು, ಬಿಳಿಯರ ಬಳಿ ಹೆಚ್ಚಾಗಿದ್ದವು ಉಳಿದವು. ಅಂಚೆ ಮತಕ್ಕೆ ಮಾತ್ರ ಫೋಟೊ ಚೀಟಿ ಬೇಕಿರಲಿಲ್ಲ. ಅದನ್ನು ಹೆಚ್ಚು ಬಳಸುತ್ತಿದ್ದವರು ಬಿಳಿಯರು. ಈ ಕಾನೂನು ಕಪ್ಪು ಮತದಾರರನ್ನು ಬಹುತೇಕ ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಗುರಿಯಿಟ್ಟಿದೆ ಎಂದು 2016ರ ಜುಲೈನಲ್ಲಿ ನಾಲ್ಕನೇ ಸರ್ಕ್ಯೂಟ್ ನ್ಯಾಯಾಲಯ ಬರೆದು ಈ ನಿಬಂಧನೆಗಳನ್ನು ರದ್ದುಮಾಡಿತು. ಎರಡು ವರ್ಷಗಳ ನಂತರ ಅದೇ ರಾಜ್ಯದ 9ನೇ ಸಂಸತ್ ಕ್ಷೇತ್ರದಲ್ಲಿ ಭಾರಿ ವಂಚನೆ ಬಯಲಾಗಿ ಇಡೀ ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ವಂಚನೆ ನಡೆದದ್ದು ಅಂಚೆ ಮತಪತ್ರಗಳಲ್ಲಿ. ಕಾನೂನು ಎಲ್ಲಿ ಕಣ್ಣುಮುಚ್ಚಿತ್ತೋ ಅಲ್ಲಿಯೇ.

ಶಾಸಕರು ಗುರಿಯಿಟ್ಟದ್ದು ಡೆಮಾಕ್ರಟಿಕ್ ಪಕ್ಷದ ಮತದಾರರನ್ನು, ಕಪ್ಪು ಜನರನ್ನಲ್ಲ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ನಾಲ್ಕನೇ ಸರ್ಕ್ಯೂಟ್ ಅದಕ್ಕೆ ಉತ್ತರ ಕೊಟ್ಟಿದೆ: ಪಕ್ಷದ ಲಾಭಕ್ಕಾಗಿ ಮಾಡಿದರೂ, ವರ್ಣವನ್ನು ಹಿಡಿದು ಮತ ತಡೆದರೆ ಅದು ವರ್ಣಭೇದವೇ. ಕಪ್ಪು ಜನರ ಬಗ್ಗೆ ವೈಯಕ್ತಿಕ ದ್ವೇಷ ಇರಲೇಬೇಕೆಂದಿಲ್ಲ. ಈ ಉತ್ತರ ಸರಿಯಾದದ್ದು. ಜಾತಿ ಲೆಕ್ಕ ಹಾಕಿ ಕೇರಿಗೆ ಮತಗಟ್ಟೆ ತಪ್ಪಿಸಿದವರು ತಮಗೆ ಆ ಜಾತಿಯ ಮೇಲೆ ಸಿಟ್ಟಿಲ್ಲ, ಎದುರು ಪಕ್ಷದ ಮೇಲಷ್ಟೇ ಎಂದರೆ ಕರ್ನಾಟಕದಲ್ಲಿ ಯಾರೂ ಒಪ್ಪುವುದಿಲ್ಲ.

ನಾರ್ತ್ ಡಕೋಟಾದಲ್ಲಿ ತೊಂದರೆ ಬಂದದ್ದು ವಿಳಾಸದಿಂದ. ಚೀಟಿಯಲ್ಲಿ ಮನೆ ಇರುವ ಬೀದಿಯ ವಿಳಾಸ ಇರಲೇಬೇಕೆಂದು ಅಲ್ಲಿನ ಕಾನೂನು ಹೇಳಿತು. ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಎಷ್ಟೋ ರಸ್ತೆಗಳಿಗೆ ಹೆಸರಿಲ್ಲ, ಮನೆಗಳಿಗೆ ಸಂಖ್ಯೆಯಿಲ್ಲ, ಟಪಾಲು ಬರುವುದು ಅಂಚೆ ಪೆಟ್ಟಿಗೆಗೆ. 2018ರ ಅಕ್ಟೋಬರಿನಲ್ಲಿ, ಚುನಾವಣೆಗೆ ನಾಲ್ಕು ವಾರಗಳಿದ್ದಾಗ, ಸುಪ್ರೀಂ ಕೋರ್ಟ್ ಈ ಕಾನೂನಿನ ಜಾರಿಗೆ ಅಡ್ಡಬರಲಿಲ್ಲ. ಬುಡಕಟ್ಟು ಸರ್ಕಾರಗಳು ತಾವೇ ವಿಳಾಸ ಕೊಟ್ಟು ಹೊಸ ಚೀಟಿ ಮುದ್ರಿಸಲು ನಿಂತವು. ಟರ್ಟಲ್ ಮೌಂಟನ್‌ನಲ್ಲಿ ಮುದ್ರಣ ಯಂತ್ರ ಬಿಡುವಿಲ್ಲದೆ ಓಡಿ ಬಿಸಿಯಾಗಿ ಕಾರ್ಡುಗಳು ಕರಗತೊಡಗಿದವು. 2020ರಲ್ಲಿ ರಾಜ್ಯ ಸಂಧಾನಕ್ಕೆ ಬಂತು. ಅಲಬಾಮಾದಲ್ಲಿ ಫೋಟೊ ಚೀಟಿ ಕಡ್ಡಾಯವಾದ ಬೆನ್ನಲ್ಲೇ, 2015ರಲ್ಲಿ, ಖರ್ಚು ಉಳಿಸುವ ಹೆಸರಿನಲ್ಲಿ 31 ಲೈಸೆನ್ಸ್ ಕಚೇರಿಗಳನ್ನು ಮುಚ್ಚಲಾಯಿತು. ಕಪ್ಪು ಜನರು ಹೆಚ್ಚಾಗಿರುವ ಕೌಂಟಿಗಳಿಗೆ ಹೆಚ್ಚು ಪೆಟ್ಟು ಬಿತ್ತು. ಕೇಂದ್ರದ ಸಾರಿಗೆ ಇಲಾಖೆ ತನಿಖೆ ನಡೆಸಿದ ಮೇಲೆ ಕಚೇರಿಗಳ ಸಮಯ ವಿಸ್ತರಿಸಲು ರಾಜ್ಯ ಒಪ್ಪಿಕೊಂಡಿತು.

ಈ ಕಾನೂನುಗಳ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದವನ್ನು ಮುಚ್ಚಿಡುವುದು ಸರಿಯಲ್ಲ. ಇವುಗಳಿಂದ ಕಪ್ಪು ಜನರ ಮತದಾನದ ಪ್ರಮಾಣ ಕುಸಿಯಿತೆಂದು ಅಂಕಿಅಂಶಗಳಿಂದ ತೋರಿಸುವುದು ಕಷ್ಟವಾಗಿದೆ. 2017ರಲ್ಲಿ ಭಾರಿ ಕುಸಿತ ಕಂಡುಬಂತೆಂದು ಒಂದು ಅಧ್ಯಯನ ಪ್ರಕಟವಾಯಿತು. ಮರುವರ್ಷ ಬೇರೆ ಸಂಶೋಧಕರು ಅದೇ ದತ್ತಾಂಶವನ್ನು ಪರಿಶೀಲಿಸಿ, ಆ ಫಲಿತಾಂಶ ನಿಲ್ಲುವುದಿಲ್ಲ ಎಂದರು. ಎನ್ರಿಕೊ ಕಾಂಟೋನಿ ಮತ್ತು ವಿನ್ಸೆಂಟ್ ಪೋನ್ಸ್ 2008ರಿಂದ 2018ರವರೆಗಿನ ದೇಶವ್ಯಾಪಿ ದಾಖಲೆಗಳನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಟ್ಟುನಿಟ್ಟಿನ ಚೀಟಿ ಕಾನೂನುಗಳಿಂದ ಒಟ್ಟಾರೆ ಮತದಾನವಾಗಲಿ, ಯಾವುದೇ ವರ್ಣದವರ ಮತದಾನವಾಗಲಿ ಗಮನಾರ್ಹವಾಗಿ ಇಳಿದಿಲ್ಲ ಎಂದರು. ವಂಚನೆ ಕಡಿಮೆಯಾದದ್ದಕ್ಕೂ ಅವರಿಗೆ ಪುರಾವೆ ಸಿಗಲಿಲ್ಲ. ಸಮೀಕ್ಷೆಗಳಲ್ಲಿ ಅಮೆರಿಕನ್ನರ ಐವರಲ್ಲಿ ನಾಲ್ವರು ಫೋಟೊ ಚೀಟಿಯ ಪರ. ಕಪ್ಪು ಅಮೆರಿಕನ್ನರಲ್ಲೂ ಬಹುಪಾಲು ಜನ ಪರವಾಗಿಯೇ ಇದ್ದಾರೆ. ಹಾಗಾಗಿ ಚೀಟಿ ಕೇಳುವವರೆಲ್ಲ ವರ್ಣದ್ವೇಷಿಗಳು ಎನ್ನುವುದು ಸುಳ್ಳು, ಅನ್ಯಾಯದ ಮಾತೂ ಹೌದು.

ಆದರೆ ಒಟ್ಟು ಶೇಕಡಾವಾರು ಇಳಿಯಲಿಲ್ಲ ಎಂಬುದು ಯಾರಿಗೂ ಅನ್ಯಾಯವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಕಾನೂನಿನ ವಿರುದ್ಧ ಸಂಘಟನೆಗಳು ಮನೆಮನೆಗೆ ಹೋಗಿ ಜನರನ್ನು ಕರೆತಂದಾಗ, ಬುಡಕಟ್ಟುಗಳು ಹಗಲಿರುಳು ಚೀಟಿ ಮುದ್ರಿಸಿದಾಗ, ಮತದಾನ ಏರುವುದೂ ಉಂಟು. ಆ ಶ್ರಮ, ಆ ಖರ್ಚು ಒಂದು ವರ್ಣದವರ ಮೇಲೆ ಬಿದ್ದದ್ದು ಸುಳ್ಳಾಗುವುದಿಲ್ಲ. ಮತದಾನ ಒಬ್ಬೊಬ್ಬ ವ್ಯಕ್ತಿಯ ಹಕ್ಕು. ಟೆಕ್ಸಸ್‌ನ ಆ ವೃದ್ಧೆಯ ಬದಲು ಬೇರೊಬ್ಬರು ಮತ ಹಾಕಿದ್ದರಿಂದ ಆಕೆಯ ಹಕ್ಕು ಉಳಿಯುವುದಿಲ್ಲ.

ಎಲ್ಲವನ್ನೂ ತೂಗಿ ನೋಡಿದಾಗ ಸಿಗುವ ತೀರ್ಮಾನ ಇದು: ಗುರುತಿನ ಚೀಟಿ ಕೇಳುವುದೇ ವರ್ಣಭೇದವಲ್ಲ. ಯಾರ ಬಳಿ ಯಾವ ಚೀಟಿ ಇಲ್ಲ ಎಂದು ತಿಳಿದುಕೊಂಡು ಅದನ್ನೇ ಕೇಳುವುದು ವರ್ಣಭೇದ. ನಾರ್ತ್ ಕೆರೊಲಿನಾದ 2013ರ ಕಾನೂನು, ಟೆಕ್ಸಸ್‌ನ 2011ರ ಕಾನೂನು ಆ ಸಾಲಿಗೆ ಸೇರುತ್ತವೆ. ನ್ಯಾಯವಾದ ಅಡ್ಡಿ ಇದ್ದವರಿಗೆ ದಾರಿ ಬಿಟ್ಟ ಸೌತ್ ಕೆರೊಲಿನಾದ ಕಾನೂನು ಸೇರುವುದಿಲ್ಲ; 2012ರಲ್ಲಿ ಆ ದಾರಿಯನ್ನು ನೋಡಿಯೇ ವಾಷಿಂಗ್ಟನ್‌ನ ನ್ಯಾಯಪೀಠ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜಿಮ್ಮಿ ಕಾರ್ಟರ್ ಮತ್ತು ಜೇಮ್ಸ್ ಬೇಕರ್ ನೇತೃತ್ವದ ಆಯೋಗ 2005ರಲ್ಲಿ ಫೋಟೊ ಚೀಟಿಯನ್ನು ಶಿಫಾರಸು ಮಾಡಿದಾಗಲೂ, ಸರ್ಕಾರ ತಾನಾಗಿ ಜನರ ಬಳಿಗೆ ಹೋಗಿ ಉಚಿತವಾಗಿ ಕೊಡಬೇಕು, ಹಂತ ಹಂತವಾಗಿ ಜಾರಿಗೊಳಿಸಬೇಕು ಎಂಬ ಷರತ್ತು ಜೊತೆಗಿತ್ತು. ರಾಜ್ಯಗಳು ಶಿಫಾರಸನ್ನು ಎತ್ತಿಕೊಂಡವು, ಷರತ್ತನ್ನು ಕೈಬಿಟ್ಟವು. ಸುಪ್ರೀಂ ಕೋರ್ಟಿನ 2021ರ ಬ್ರನೋವಿಚ್ ತೀರ್ಪಿನಿಂದ 2ನೇ ಕಲಮಿನಡಿ ಇಂಥ ಮೊಕದ್ದಮೆ ಗೆಲ್ಲುವುದು ಇನ್ನಷ್ಟು ಕಷ್ಟವಾಗಿದೆ. ಆದ್ದರಿಂದ ಮಸೂದೆ ಶಾಸನಸಭೆಯಲ್ಲಿರುವಾಗಲೇ ಪ್ರಶ್ನಿಸುವುದು ಮೊದಲಿಗಿಂತ ಮುಖ್ಯ.

ಕನ್ನಡಿಗರ ಮನೆಬಾಗಿಲಿಗೂ ಈ ವಿಷಯ ಬಂದಿದೆ. ಊರ ಹೆಸರು, ತಂದೆಯ ಹೆಸರು ಇನಿಷಿಯಲ್ಲುಗಳಾಗಿ ಮುಂದೆ ನಿಲ್ಲುವ ಹೆಸರುಗಳು ಅಮೆರಿಕದ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಬರೆಯಲ್ಪಟ್ಟಿರುತ್ತವೆ. ಜಾರ್ಜಿಯಾದಲ್ಲಿ ಅರ್ಜಿಯ ಹೆಸರು ಸರ್ಕಾರಿ ದಾಖಲೆಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕೆಂಬ ನಿಯಮದಿಂದ 2018ರಲ್ಲಿ ಸುಮಾರು 53,000 ನೋಂದಣಿಗಳು ತಡೆಹಿಡಿಯಲ್ಪಟ್ಟಿದ್ದವು. ಅಸೋಸಿಯೇಟೆಡ್ ಪ್ರೆಸ್ ಲೆಕ್ಕದ ಪ್ರಕಾರ ಅವುಗಳಲ್ಲಿ ಶೇ 70ರ ಹತ್ತಿರ ಕಪ್ಪು ಜನರವು. ಗ್ರೀನ್ ಕಾರ್ಡಿನ ಕಾಲದಲ್ಲಿ ಲೈಸೆನ್ಸ್ ಮಾಡಿಸಿ ಆಮೇಲೆ ಪೌರರಾದವರನ್ನೂ ಹಳೆಯ ದಾಖಲೆ ಪರದೇಶಿಯರೆಂದು ತೋರಿಸಿತು. ಕ್ಯಾನ್ಸಸ್ ರಾಜ್ಯ ನೋಂದಣಿಗೆ ಪೌರತ್ವದ ಕಾಗದ ಕಡ್ಡಾಯ ಮಾಡಿದಾಗ 30,000ಕ್ಕೂ ಹೆಚ್ಚು ಅರ್ಜಿಗಳು ಸಿಕ್ಕಿಕೊಂಡವು. ಹತ್ತೊಂಬತ್ತು ವರ್ಷಗಳಲ್ಲಿ ಪಟ್ಟಿ ಸೇರಿದ ಪೌರರಲ್ಲದವರು ಹೆಚ್ಚೆಂದರೆ 39 ಎಂದು ಕೋರ್ಟ್ ಕಂಡುಕೊಂಡಿತು. ಇದೇ ಬಗೆಯ ಷರತ್ತನ್ನು ದೇಶಕ್ಕೆಲ್ಲ ತರುವ ಸೇವ್ ಆಕ್ಟ್ ಮಸೂದೆಯನ್ನು ಜನಪ್ರತಿನಿಧಿ ಸಭೆ 2025ರ ಏಪ್ರಿಲ್‌ನಲ್ಲಿ ಅಂಗೀಕರಿಸಿತು. ಪೌರತ್ವದ ಪ್ರಮಾಣಪತ್ರ ಕಳೆದುಕೊಂಡವರು ಅದರ ಪ್ರತಿ ಪಡೆಯಲು ಕಟ್ಟಬೇಕಾದ ಶುಲ್ಕ 500 ಡಾಲರಿಗೂ ಹೆಚ್ಚು.

ಪೌರತ್ವ ಸಿಕ್ಕ ಕೂಡಲೇ ಲೈಸೆನ್ಸ್ ಕಚೇರಿಯಲ್ಲಿ ದಾಖಲೆ ತಿದ್ದಿಸಿ, ಮತದಾರರ ಪಟ್ಟಿಯಲ್ಲಿ ಹೆಸರು ಹೇಗಿದೆಯೆಂದು ಪ್ರತಿ ಚುನಾವಣೆಗೆ ಮುನ್ನ ನೋಡಿಕೊಳ್ಳುವುದು ಪ್ರತಿಯೊಬ್ಬ ಕನ್ನಡಿಗ ಮತದಾರರ ಮೊದಲ ಕೆಲಸ. ಅಲ್ಲಿಗೇ ನಿಲ್ಲಬಾರದು. ತಮ್ಮ ರಾಜ್ಯದಲ್ಲಿ ಇಂಥ ಮಸೂದೆ ಬಂದಾಗ ಕನ್ನಡ ಕೂಟಗಳು ಶಾಸಕರಿಗೆ ಪತ್ರ ಬರೆಯಬೇಕು: ಯಾವ ಚೀಟಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಅದನ್ನು ಆರಿಸಿದವರು ಯಾವ ಅಂಕಿಅಂಶ ನೋಡಿದರು, ಚೀಟಿ ಕೊಡುವ ಕಚೇರಿ ಎಷ್ಟು ದೂರ, ಜನನ ಪ್ರಮಾಣಪತ್ರದ ಖರ್ಚು ಯಾರದು, ಏನೂ ಇಲ್ಲದವರಿಗೆ ಪ್ರಮಾಣ ಮಾಡಿ ಮತ ಹಾಕುವ ದಾರಿ ಇದೆಯೇ ಎಂದು ಕೇಳಬೇಕು. ಸಮಾಧಾನದ ಉತ್ತರ ಬಾರದಿದ್ದರೆ ಆ ಮಸೂದೆಯನ್ನು ವಿರೋಧಿಸಬೇಕು.